ತೊಗಟೆಯಿಂದ ತೊಟ್ಟಿಗೆ

ನಮ್ಮ ಕಡೆ ಟಿಶ್ಯೂ ಕಲ್ಚರ್ ಅಂದರೆ ಬಾಳೆ. ಟ್ರೇ ಲೆಕ್ಕದಲ್ಲಿ ಬರುವ, ಒಂದೇ ಎತ್ತರದ, ಹೆಚ್ಚುಕಡಿಮೆ ಒಟ್ಟಿಗೇ ಗೊನೆ ಹಾಕುವ ಜಿ-9 ಸಸಿಗಳು. ನಾನು ಅಂಥ ಲ್ಯಾಬಿನಲ್ಲಿ ಕೆಲಸ ಮಾಡುವವಳು ಎಂದು ಗೊತ್ತಾದ ಕೂಡಲೇ ಶಿರಸಿಯ ನೆಂಟರು ಕೇಳುವುದು ಒಂದೇ ಪ್ರಶ್ನೆ: "ಸಸಿ ಸೊಸೈಟಿಗಿಂತ ಕಡ್ಮೆಗೆ ಸಿಗ್ತನೇ ತಂಗಿ?"

ನನ್ನ ಬಾಟಲಿಗಳಲ್ಲಿ ಇರುವುದು ಬೇರೆ. ಅವು ಎಂದೂ ಗಿಡವಾಗದ ಜೀವಕೋಶಗಳು. ಎಲೆ ಬಿಡುವುದಿಲ್ಲ, ಬೇರಿಳಿಸುವುದಿಲ್ಲ, ಬರೀ ಮುದ್ದೆಯಾಗಿ ಹೆಚ್ಚುತ್ತವೆ. ಅವು ತಮ್ಮೊಳಗೆ ತಯಾರಿಸುವ ರಾಸಾಯನಿಕವಷ್ಟೇ ನಮಗೆ ಬೇಕು, ಆ ರಾಸಾಯನಿಕ ಕ್ಯಾನ್ಸರಿನ ಔಷಧ. ಈ ಕಸುಬಿನ ಚರಿತ್ರೆಯಲ್ಲಿ ಎರಡು ಮರಗಳ ಕಥೆಯನ್ನು ನಾನು ಯಾವಾಗಲೂ ಜೊತೆಯಲ್ಲಿಟ್ಟು ನೋಡುತ್ತೇನೆ. ಒಂದು ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನದು, ಇನ್ನೊಂದು ನಮ್ಮ ಘಟ್ಟದ್ದು. ಮೊದಲನೆಯದನ್ನು ಪ್ರಯೋಗಾಲಯ ಕೊಡಲಿಯಿಂದ ಬಿಡಿಸಿತು. ಎರಡನೆಯದು ಇನ್ನೂ ಕೊಡಲಿಯ ಬಾಯಲ್ಲೇ ಇದೆ.

1962ರ ಆಗಸ್ಟ್ 21ರಂದು ಆರ್ಥರ್ ಬಾರ್ಕ್ಲೆ ಎಂಬ ಸಸ್ಯಶಾಸ್ತ್ರಜ್ಞ ವಾಷಿಂಗ್ಟನ್ ರಾಜ್ಯದ ಗಿಫರ್ಡ್ ಪಿಂಚೊ ಕಾಡಿನಲ್ಲಿ ಯೂ ಮರದ ತೊಗಟೆ ಕಿತ್ತು ಚೀಲಕ್ಕೆ ತುಂಬಿದ. ಅಮೆರಿಕದ ಕೃಷಿ ಇಲಾಖೆ ಮತ್ತು ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಕೂಡಿ ಸಾವಿರಾರು ಗಿಡಗಳನ್ನು ಒಂದೊಂದಾಗಿ ಪರೀಕ್ಷೆಗೆ ಹಚ್ಚಿದ್ದ ಕಾಲ ಅದು. ಯೂ ಅಲ್ಲಿ ಯಾರಿಗೂ ಬೇಡವಾದ ಮರ. ಎತ್ತರದ ಡಗ್ಲಸ್ ಫರ್ ಮರಗಳ ನೆರಳಲ್ಲಿ ತೀರ ನಿಧಾನವಾಗಿ ಬೆಳೆಯುತ್ತದೆ. ನಾಟಾ ಕಡಿಯುವವರು ಅದನ್ನು ಕಸದ ಜೊತೆ ರಾಶಿ ಹಾಕಿ ಸುಡುತ್ತಿದ್ದರು. ಬಾರ್ಕ್ಲೆ ಕಳಿಸಿದ ತೊಗಟೆ ನಾರ್ತ್ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಅವರ ಕೈಸೇರಿತು. ವಾಣಿ ಮಹಾರಾಷ್ಟ್ರದ ನಂದೂರ್‌ಬಾರಿನವರು, ಮುಂಬೈಯಲ್ಲಿ ಓದಿ ಅಮೆರಿಕಕ್ಕೆ ಹೋದವರು. 12 ಕಿಲೋ ಒಣ ಸರಕಿನಿಂದ ಅವರಿಗೆ ಸಿಕ್ಕ ಶುದ್ಧ ವಸ್ತು ಸುಮಾರು ಅರ್ಧ ಗ್ರಾಂ. ಅದಕ್ಕೆ ಟ್ಯಾಕ್ಸಾಲ್ ಎಂದು ಹೆಸರಿಟ್ಟರು. ಅದರ ರಚನೆ ಬಿಡಿಸಿ ಪ್ರಕಟಿಸುವ ಹೊತ್ತಿಗೆ 1971 ಬಂದಿತ್ತು.

ಅದೇ 1962ರಲ್ಲಿ, ಯೂ ಮರಕ್ಕೆ ಏನೇನೂ ಸಂಬಂಧವಿಲ್ಲದ ಎರಡು ಸಂಗತಿಗಳು ಬೇರೆ ಕಡೆ ನಡೆದವು. ಮೊದಲನೆಯದು ವಿಸ್ಕಾನ್ಸಿನ್ನಿನಲ್ಲಿ. ತೊಶಿಯೊ ಮುರಶಿಗೆ ಎಂಬ ವಿದ್ಯಾರ್ಥಿ ತನ್ನ ಗುರು ಫೋಕ್ ಸ್ಕೂಗ್ ಕೈಕೆಳಗೆ ತಂಬಾಕಿನ ಜೀವಕೋಶಗಳನ್ನು ಬೆಳೆಸುತ್ತಿದ್ದ. ತಂಬಾಕಿನ ಎಲೆಯ ರಸ ಹಾಕಿದರೆ ಅವು ಚುರುಕಾಗಿ ಹೆಚ್ಚುತ್ತಿದ್ದವು. ರಸದಲ್ಲಿ ಹೊಸ ಹಾರ್ಮೋನು ಇರಬಹುದೆಂದು ಹುಡುಕಿದರೆ, ಕೆಲಸ ಮಾಡುತ್ತಿದ್ದುದು ಬಹುಪಾಲು ಅದರಲ್ಲಿನ ಖನಿಜ ಲವಣ. ಹಾಗಾಗಿ ಲವಣದ ಪ್ರಮಾಣಗಳನ್ನೇ ಹೊಸದಾಗಿ ಹೊಂದಿಸಿ ಒಂದು ಪಾಕ ಬರೆದಿಟ್ಟರು. ಜಗತ್ತಿನ ಎಲ್ಲ ಟಿಶ್ಯೂ ಕಲ್ಚರ್ ಲ್ಯಾಬುಗಳಲ್ಲೂ ಇವತ್ತಿಗೂ ಅದಕ್ಕೆ ಎಂಎಸ್ ಎಂದೇ ಹೆಸರು. ನಾವು ಲೀಟರಿಗೆ 30 ಗ್ರಾಂ ಸಕ್ಕರೆ ಹಾಕಿ, ಪಿಎಚ್ 5.8ಕ್ಕೆ ತಂದು, 8 ಗ್ರಾಂ ಅಗರ್ ಬೆರೆಸಿ, ಆಟೋಕ್ಲೇವಿನಲ್ಲಿ 121 ಡಿಗ್ರಿಗೆ ಬೇಯಿಸುತ್ತೇವೆ. ಅರವತ್ತು ವರ್ಷ ದಾಟಿದರೂ ಆ ಪಾಕಕ್ಕೆ ಪೂರ್ತಿ ಬದಲಿ ಬಂದಿಲ್ಲ.

ಎರಡನೆಯದು ಜಾಜಿ ಹೂವಿನದು. ಜಾಜಿಯ ಸುಗಂಧ ತೈಲದಿಂದ ಮಿಥೈಲ್ ಜಾಸ್ಮೊನೇಟ್ ಎಂಬ ಪದಾರ್ಥವನ್ನು ಬೇರ್ಪಡಿಸಿದ್ದೂ 1962ರಲ್ಲೇ. ಅತ್ತರಿನವರಿಗೆ ಅದೊಂದು ಪರಿಮಳ, ಅಷ್ಟೆ. ತೊಗಟೆ, ಅಂಥದೊಂದು ಪಾಕ, ಪರಿಮಳ ಮೂರೂ ಒಂದೇ ಪಾತ್ರೆಯಲ್ಲಿ ಸೇರಲು ಇನ್ನೂ ಮೂವತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು.

ಟ್ಯಾಕ್ಸಾಲನ್ನು ಬಹಳ ಕಾಲ ಯಾರೂ ಮುಟ್ಟಲಿಲ್ಲ. ನೀರಿನಲ್ಲಿ ಕರಗದು, ಮರದಲ್ಲಿ ಸಿಗುವುದೂ ಚೂರೇ ಚೂರು. ಅದರ ಕಡೆ ಲೋಕ ತಿರುಗಿದ್ದು 1979ರಲ್ಲಿ, ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಸ್ ಅದರ ಗುಟ್ಟು ಬಿಡಿಸಿದಾಗ. ಜೀವಕೋಶ ಎರಡಾಗುವಾಗ ಒಳಗೆ ಸಣ್ಣ ಸಣ್ಣ ನಾಳಗಳು ಕಟ್ಟಿಕೊಂಡು, ವರ್ಣತಂತುಗಳನ್ನು ಎರಡು ಕಡೆಗೆ ಎಳೆದು, ಆಮೇಲೆ ಕಳಚಿಕೊಳ್ಳಬೇಕು. ಟ್ಯಾಕ್ಸಾಲ್ ಆ ನಾಳಗಳಿಗೆ ಅಂಟಿಕೊಂಡು ಕಳಚಿಕೊಳ್ಳಲು ಬಿಡುವುದಿಲ್ಲ. ಕೋಶ ಅರ್ಧದಲ್ಲೇ ಸಿಕ್ಕಿಬಿದ್ದು ಸಾಯುತ್ತದೆ. ಅಲ್ಲಿಯವರೆಗೆ ಗೊತ್ತಿದ್ದ ಔಷಧಿಗಳು ನಾಳ ಕಟ್ಟದಂತೆ ತಡೆಯುತ್ತಿದ್ದವು, ಇದು ತೀರ ತದ್ವಿರುದ್ಧ. 1989ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯರು, ಬೇರೆ ಯಾವ ಮದ್ದಿಗೂ ಬಗ್ಗದ ಅಂಡಾಶಯದ ಕ್ಯಾನ್ಸರು ಸುಮಾರು ಶೇಕಡಾ 30 ಹೆಂಗಸರಲ್ಲಿ ಕುಗ್ಗಿತೆಂದು ವರದಿ ಮಾಡಿದರು. ಅಲ್ಲಿಂದ ಮುಂದೆ ತೊಗಟೆಗೆ ಬೇಡಿಕೆ ಶುರು.

ಅದರ ಲೆಕ್ಕ ಎದೆ ನಡುಗಿಸುವಂಥದು. ಒಂದು ಕಿಲೋ ಔಷಧಕ್ಕೆ ಅಂದಾಜು ಹತ್ತು ಟನ್ ತೊಗಟೆ, ಅಂದರೆ ಮೂರು ಸಾವಿರದಷ್ಟು ಮರ. ಒಬ್ಬ ರೋಗಿಗೆ ಬೇಕಾದ ಎರಡು ಗ್ರಾಂಗೆ ಹಲವು ಮರ ಬೀಳಬೇಕು. ತೊಗಟೆ ಸುಲಿದ ಯೂ ಬದುಕುವುದಿಲ್ಲ, ನೂರು ವರ್ಷಕ್ಕೆ ಅದು ಗಳಿಸುವ ದಪ್ಪವೂ ಸ್ವಲ್ಪವೇ. ಅದೇ ಹಳೆಯ ಕಾಡುಗಳು ಚುಕ್ಕೆ ಗೂಬೆಯ ನೆಲೆಯೂ ಆಗಿದ್ದವು. ಗೂಬೆಯನ್ನು ಉಳಿಸಬೇಕೆನ್ನುವವರಿಗೂ ನಾಟಾದವರಿಗೂ ಆಗಲೇ ಜಟಾಪಟಿ ನಡೆದಿತ್ತು, ಈಗ ರೋಗಿಗಳೂ ಅದರ ನಡುವೆ ಸಿಕ್ಕಿಬಿದ್ದರು. 1992ರಲ್ಲಿ ಅಮೆರಿಕದ ಸಂಸತ್ತು ಈ ಒಂದು ಮರಕ್ಕಾಗಿಯೇ ಪೆಸಿಫಿಕ್ ಯೂ ಕಾಯ್ದೆ ಮಾಡಿತು. ಅದೇ ವರ್ಷ ಡಿಸೆಂಬರ್ 29ರಂದು ಅಂಡಾಶಯದ ಕ್ಯಾನ್ಸರಿಗೆ ಈ ಔಷಧಕ್ಕೆ ಒಪ್ಪಿಗೆ ಸಿಕ್ಕಿತು, 1994ರಲ್ಲಿ ಸ್ತನದ ಕ್ಯಾನ್ಸರಿಗೆ. ಕೊಡಲಿ ಅಷ್ಟರಲ್ಲಿ ಹಿಮಾಲಯಕ್ಕೂ ಬಂದಿತ್ತು. ನಮ್ಮ ಹಿಮಾಲಯದ ಯೂ ಮರವನ್ನು ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಗೆ ಸೇರಿಸಿದ್ದು 1995ರಲ್ಲಿ.

ಆ ಇಕ್ಕಟ್ಟಿನಿಂದ ಹೊರಬರಲು ಮೂರು ದಾರಿ ಹುಡುಕಿದರು. ಫ್ರಾನ್ಸಿನ ಪಿಯರ್ ಪೊಟಿಯೆ ಯುರೋಪಿನ ಯೂ ಮರದ ಎಲೆಯಿಂದ ಅರೆ ಸಿದ್ಧ ಅಣುವನ್ನು ತೆಗೆದರು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಮರ ಸಾಯುವುದಿಲ್ಲ. ಆ ಅಣುವನ್ನು ಔಷಧವಾಗಿ ಪೂರ್ತಿಗೊಳಿಸುವ ಒಳ್ಳೆಯ ವಿಧಾನ ಫ್ಲಾರಿಡಾದ ರಾಬರ್ಟ್ ಹಾಲ್ಟನ್ ಅವರದು. ಎರಡನೆಯ ದಾರಿಯಲ್ಲಿ ಹಾಲ್ಟನ್ ಮತ್ತು ನಿಕೊಲಾವ್ ಎಂಬ ಇನ್ನೊಬ್ಬ ರಸಾಯನಶಾಸ್ತ್ರಜ್ಞ 1994ರಲ್ಲಿ, ಬೇರೆಬೇರೆಯಾಗಿ, ಬುಡದಿಂದ ತುದಿಯವರೆಗೆ ಅಣುವನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. ಬುದ್ಧಿಯ ಸಾಹಸವಾಗಿ ಅದು ದೊಡ್ಡದು, ಕಾರ್ಖಾನೆಗೆ ಒದಗುವಂಥದಲ್ಲ. ಮೂರನೆಯದೇ ನನ್ನ ಕಸುಬಿನ ದಾರಿ, ಮರವನ್ನು ಬಿಟ್ಟು ಅದರ ಕೋಶವನ್ನೇ ಸಾಕುವುದು.

ಇದಕ್ಕೆ ಮೊದಲು ಧೈರ್ಯ ತೋರಿಸಿದವರು ಜಪಾನಿನವರು. 1983ರಲ್ಲಿ ಮಿತ್ಸುಯಿ ಕಂಪನಿ ಶಿಕೋನಿನ್ ಎಂಬ ಕೆಂಪು ಬಣ್ಣದ ವಸ್ತುವನ್ನು ಗಿಡದ ಕೋಶಗಳಿಂದ ತೊಟ್ಟಿಯಲ್ಲಿ ತಯಾರಿಸಿ ಮಾರಿತು, ಲಿಪ್‌ಸ್ಟಿಕ್ಕಿಗೂ ಅದು ಹೋಯಿತು. ಗಿಡದ ಕೋಶದಿಂದ ವ್ಯಾಪಾರ ಸಾಧ್ಯ ಎಂದು ತೋರಿಸಿದ ಮೊದಲ ಪದಾರ್ಥ ಅದು. ಯೂ ಕೋಶಗಳ ವಿಷಯದಲ್ಲಿ 1989ರ ಸುಮಾರಿಗೆ ಅಮೆರಿಕದ ಕೃಷಿ ಇಲಾಖೆಯ ಕ್ರಿಸ್ಟೆನ್, ಗಿಬ್ಸನ್, ಬ್ಲಾಂಡ್ ಅವರು ಬಾಟಲಿಯಲ್ಲಿ ಟ್ಯಾಕ್ಸಾಲ್ ಬರುತ್ತದೆಂದು ತೋರಿಸಿ 1991ರಲ್ಲಿ ಪೇಟೆಂಟ್ ಪಡೆದರು. ಕಾರ್ನೆಲ್ ವಿಶ್ವವಿದ್ಯಾಲಯದ ಊರಾದ ಇಥಾಕದಲ್ಲಿ 1990ರಲ್ಲಿ ಹುಟ್ಟಿದ ಫೈಟನ್ ಎಂಬ ಪುಟ್ಟ ಕಂಪನಿ ಆ ಕೆಲಸವನ್ನು ಮುಂದಕ್ಕೆ ಎಳೆಯಿತು. ಅದರ ಮುಖ್ಯ ಪೇಟೆಂಟಿನಲ್ಲಿ ವೆಂಕಟರಾಮನ್ ಬ್ರಿಂಗಿ, ಪ್ರಕಾಶ್ ಕಡ್ಕಡೆ ಎಂಬ ಹೆಸರುಗಳಿವೆ. ವಿದ್ಯಾರ್ಥಿಗಳಿಗೆ ನಾನು ಆ ಹೆಸರುಗಳನ್ನು ಓದಿ ಹೇಳುತ್ತೇನೆ.

ಕೆಲಸ ಕಾಗದದಲ್ಲಿ ಸುಲಭ. ಎಳೆಯ ಕಾಂಡದ ಚೂರನ್ನು ತೊಳೆದು, ಮರ್ಕ್ಯುರಿಕ್ ಕ್ಲೋರೈಡಿನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಹಾರ್ಮೋನು ಬೆರೆಸಿದ ಪಾಕದ ಮೇಲೆ ಇಡಬೇಕು. ಕೆಲವು ವಾರಗಳಲ್ಲಿ ಕತ್ತರಿಸಿದ ಅಂಚಿನಿಂದ ಉಬ್ಬು ಏಳುತ್ತದೆ, ನೆನೆಸಿದ ಅವಲಕ್ಕಿಯ ಉಂಡೆಯ ಹಾಗೆ, ಮುಟ್ಟಿದರೆ ಉದುರುವಂತೆ. ಅದೇ ಕ್ಯಾಲಸ್. ಬಾಳೆಯ ಕೆಲಸ ಮಾಡಿ ಬಂದವರು ಮರದ ಕ್ಯಾಲಸ್ ಮುಂದೆ ಸೋತುಹೋಗುತ್ತಾರೆ. ಮರಗಳ ಕೋಶಗಳು ಗಾಯಕ್ಕೆ ಫಿನಾಲ್ ಸುರಿಸಿ ತಾವೇ ಕಂದಾಗಿ ಸಾಯುತ್ತವೆ. ಇದ್ದಿಲ ಪುಡಿ ಹಾಕಿ, ಆಸ್ಕಾರ್ಬಿಕ್ ಆಮ್ಲ ಹಾಕಿ, ಕತ್ತಲಲ್ಲಿಟ್ಟು, ಬಿಳಿಯಾಗಿ ಉಳಿದ ಚೂರನ್ನಷ್ಟೇ ಆರಿಸಿ ಹೊಸ ಬಾಟಲಿಗೆ ದಾಟಿಸುತ್ತಾ ಹೋಗಬೇಕು. ತಿಂಗಳಿಗೊಮ್ಮೆ ದಾಟಿಸುವುದು ತಪ್ಪಿದರೆ ವರ್ಷಗಟ್ಟಲೆ ಸಾಕಿದ ಕೋಶಗಳ ಸಾಲು ಹಾಳು. ಯೂ ಕೋಶಗಳಂತೂ ಬಹಳ ನಿಧಾನ, ಅದರ ಮೇಲೆ ಒಂದು ಸಾಲು ಚೆನ್ನಾಗಿ ಔಷಧ ಕೊಡುತ್ತಿದ್ದುದು ಹಠಾತ್ತನೆ ನಿಲ್ಲಿಸಿಬಿಡುತ್ತದೆ.

ಕೋಶಕ್ಕೆ ಔಷಧ ತಯಾರಿಸಲು ಕಾರಣವೇ ಇಲ್ಲದಿರುವುದು ಮುಖ್ಯ ತೊಡಕು. ಬಾಟಲಿಯಲ್ಲಿ ಹುಳ ಕಡಿಯುವುದಿಲ್ಲ, ಬೂಸ್ಟು ಬರುವುದಿಲ್ಲ, ಸಕ್ಕರೆ ಬೇಕಾದಷ್ಟಿದೆ. ಹೊಟ್ಟೆ ತುಂಬಿದ ಕೋಶ ಬೆಳೆಯುತ್ತದೆ, ವಿಷ ತಯಾರಿಸುವುದಿಲ್ಲ. ಇಲ್ಲಿ ಜಾಜಿಯ ಪರಿಮಳ ಕೆಲಸಕ್ಕೆ ಬಂತು. ಹುಳ ಎಲೆ ಕಡಿದಾಗ ಗಿಡಗಳು ತಮ್ಮೊಳಗೆ ಅಪಾಯದ ಸುದ್ದಿ ಹಬ್ಬಿಸಲು ಬಳಸುವುದು ಇದೇ ಜಾಸ್ಮೊನೇಟ್ ಎಂದು ಅಷ್ಟರಲ್ಲಿ ತಿಳಿದಿತ್ತು. ಅದನ್ನು ತುಸುವೇ ತುಸು ಹಾಕಿದರೆ ಕೋಶಗಳು ಶತ್ರು ಬಂದನೆಂದೇ ನಂಬುತ್ತವೆ. 1996ರಲ್ಲಿ ಜಪಾನಿನ ಯುಕಿಮುನೆ ಮತ್ತು ಜೊತೆಗಾರರು ಯೂ ಕೋಶಗಳಿಗೆ ಅದನ್ನು ಕೊಟ್ಟು, ಎರಡು ವಾರದಲ್ಲಿ ಲೀಟರಿಗೆ ನೂರು ಮಿಲಿಗ್ರಾಂ ದಾಟಿಸಿದರು. ಜಾಸ್ಮೊನೇಟಿನ ಸೀಸೆಯ ಮುಚ್ಚಳ ತೆರೆದ ದಿನ ನಮ್ಮ ಲ್ಯಾಬಿನ ಆಟೋಕ್ಲೇವ್ ವಾಸನೆಯ ನಡುವೆ ಮಲ್ಲಿಗೆ ಅಂಗಡಿಯ ಗಾಳಿ ಬೀಸುತ್ತದೆ. ನನಗೆ ಅದರಷ್ಟು ಇಷ್ಟವಾದ ರಾಸಾಯನಿಕ ಇನ್ನೊಂದಿಲ್ಲ.

1995ರಲ್ಲಿ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪನಿ ಫೈಟನ್ನಿನಿಂದ ಈ ವಿಧಾನದ ಹಕ್ಕು ಪಡೆಯಿತು. ಜರ್ಮನಿಯ ಹ್ಯಾಂಬರ್ಗ್ ಹತ್ತಿರ ಆರೆನ್ಸ್‌ಬುರ್ಗಿನಲ್ಲಿ 75 ಸಾವಿರ ಲೀಟರ್ ಹಿಡಿಯುವ ಉಕ್ಕಿನ ತೊಟ್ಟಿಯವರೆಗೂ ಕೋಶಗಳು ಬಂದವು. ಚೀನಾದ ಯೂ ಜಾತಿಯೊಂದರ ಕೋಶ, ನೀರು, ಸಕ್ಕರೆ, ಅಮೈನೊ ಆಮ್ಲ, ವಿಟಮಿನ್ನು, ಲವಣ. ಕೊಡಲಿಯೂ ಬೇಡ, ಎಲೆ ಕೊಯ್ಲೂ ಬೇಡ. ಎಲೆಯ ಅಣುವಿನಿಂದ ಔಷಧ ಮಾಡಲು ಹನ್ನೊಂದು ರಾಸಾಯನಿಕ ಹಂತಗಳು ಬೇಕಿದ್ದವು, ಅವೂ ಹೋದವು. ಹತ್ತು ಬಗೆಯ ದ್ರಾವಕಗಳ ಬಳಕೆಯೂ ತಪ್ಪಿತು. 2004ರಲ್ಲಿ ಇದಕ್ಕೆ ಅಮೆರಿಕದ ಅಧ್ಯಕ್ಷರ ಹಸಿರು ರಸಾಯನ ಪ್ರಶಸ್ತಿ ಬಂತು. ನನ್ನ ಸೋದರತ್ತೆಗೆ ಸ್ತನದ ಕ್ಯಾನ್ಸರಿಗೆ ಈ ಔಷಧ ಹಾಕಿದಾಗ ನಾನು ಪಕ್ಕದಲ್ಲಿ ಕೂತಿದ್ದೆ. ನೀರಿನಲ್ಲಿ ಕರಗದ ಇದನ್ನು ಹರಳೆಣ್ಣೆಯಿಂದ ತಯಾರಾದ ದ್ರಾವಕ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿ ಗಂಟೆಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. "ಎಂತ ಇದು ತಂಗಿ, ಮರದ್ದು ಅಂತೆ?" ಎಂದು ಅತ್ತೆ ಕೇಳಿದರು. ಮರದ ಕೋಶದ್ದೂ ಇರಬಹುದು ಅತ್ತೆ ಎಂದೆ.

ಎಲ್ಲ ಗಿಡಗಳೂ ಹೀಗೆ ಒಲಿಯುವುದಿಲ್ಲ. ಅಂಗಳದ ನಿತ್ಯಪುಷ್ಪವನ್ನೇ ನೋಡಿ. ಅದರಿಂದ ಬರುವ ವಿನ್‌ಬ್ಲಾಸ್ಟಿನ್ 1960ರ ದಶಕದ ಮೊದಲಿನಿಂದಲೂ, ವಿನ್‌ಕ್ರಿಸ್ಟಿನ್ 1963ರಿಂದಲೂ ಬಳಕೆಯಲ್ಲಿವೆ. ರಕ್ತದ ಕ್ಯಾನ್ಸರಿನ ಎಷ್ಟೋ ಮಕ್ಕಳನ್ನು ಅವು ಉಳಿಸಿವೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ನಿಗೆ ಸುಮಾರು 500 ಕಿಲೋ ಒಣ ಎಲೆ ಬೇಕು. ಹಾಗಾಗಿ ಕೋಶ ಕೃಷಿಯವರು ಎಲ್ಲರಿಗಿಂತ ಮೊದಲೇ ಇದರ ಬೆನ್ನು ಹತ್ತಿದರು. ಆದರೆ ಔಷಧದ ಅರ್ಧ ಭಾಗವಾದ ವಿಂಡೋಲಿನ್ ತಯಾರಾಗುವುದು ಎಲೆಯಲ್ಲಿನ ವಿಶೇಷ ಕೋಶಗಳಲ್ಲಿ ಮಾತ್ರ. ಎಲೆಯೇ ಇಲ್ಲದ ಮುದ್ದೆಗೆ ಆ ಕೈಚಳಕ ಬರುವುದಿಲ್ಲ. 2022ರಲ್ಲಿ ಆ ಕೆಲಸವನ್ನು ಯೀಸ್ಟಿಗೆ ಕಲಿಸಿದರು, ಅದು ಬೇರೆಯೇ ದೊಡ್ಡ ಕಥೆ.

ಇನ್ನು ನಮ್ಮ ಮರ. ಘಟ್ಟದ ಮೇಲೆ ದುರ್ವಾಸನೆ ಮರ, ಮರಾಠಿಯಲ್ಲಿ ನರಕ್ಯಾ, ಶಾಸ್ತ್ರದಲ್ಲಿ ನೊಥಾಪೊಡೈಟಿಸ್. ಹೂ ಬಿಟ್ಟಾಗ ಹತ್ತಿರ ನಿಲ್ಲುವುದು ಕಷ್ಟ. ಕ್ಯಾಂಪ್ಟೊಥೆಸಿನ್ ಎಂಬ ಔಷಧ ವಸ್ತುವನ್ನು 1966ರಲ್ಲಿ ಪ್ರಕಟಿಸಿದವರೂ ಅದೇ ವಾಲ್ ಮತ್ತು ವಾಣಿ, ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿದ್ದ ಚೀನೀ ಮರವೊಂದರಿಂದ. ಅದೇ ವಸ್ತು ನಮ್ಮ ಘಟ್ಟದ ಮರದಲ್ಲಿ ಇದೆ ಎಂದು 1972ರಲ್ಲಿ ತೋರಿಸಿದವರು ಮುಂಬೈಯ ಗೋರೆಗಾಂವಿನ ಸಿಬಾ ಸಂಶೋಧನಾ ಕೇಂದ್ರದ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್. ಆಗ ಅದರಿಂದ ಯಾರಿಗೂ ಲಾಭವಿರಲಿಲ್ಲ, ಯಾಕೆಂದರೆ ರೋಗಿಗಳ ಮೂತ್ರಕೋಶಕ್ಕೆ ಹಾನಿಯಾಗುತ್ತದೆಂದು ಪ್ರಯೋಗಗಳೇ ನಿಂತುಹೋಗಿದ್ದವು. 1985ರಲ್ಲಿ ಅದರ ಕೆಲಸ ಗೊತ್ತಾಯಿತು. ಡಿಎನ್ಎ ನಕಲಾಗುವಾಗ ಹುರಿ ಬಿಚ್ಚಲು ಒಂದು ಕಿಣ್ವ ಎಳೆಯೊಂದನ್ನು ಕತ್ತರಿಸಿ ಮತ್ತೆ ಜೋಡಿಸಬೇಕು. ಕ್ಯಾಂಪ್ಟೊಥೆಸಿನ್ ಜೋಡಿಸುವುದಕ್ಕೆ ಬಿಡುವುದಿಲ್ಲ. ಅದರಿಂದಲೇ ರೂಪಿಸಿದ ಟೋಪೊಟೆಕಾನ್, ಐರಿನೋಟೆಕಾನ್ ಔಷಧಗಳು 1996ರಲ್ಲಿ ಅಮೆರಿಕದ ಒಪ್ಪಿಗೆ ಪಡೆದವು. ಒಂದು ಅಂಡಾಶಯದ ಕ್ಯಾನ್ಸರಿಗೆ, ಇನ್ನೊಂದು ದೊಡ್ಡ ಕರುಳಿನದಕ್ಕೆ. ಎರಡಕ್ಕೂ ಮೂಲ ಸರಕು ಮರದಿಂದಲೇ ಬರಬೇಕು. ಆಮೇಲೆ ಘಟ್ಟದಲ್ಲಿ, ಮುಖ್ಯವಾಗಿ ಮಹಾರಾಷ್ಟ್ರದ ಕಡೆ, ಕಟ್ಟಿಗೆಯ ಚೂರುಗಳು ಚೀಲಗಟ್ಟಲೆ ಹೊರಟವು.

ನಮ್ಮ ದೇಶದ ಪ್ರಯೋಗಾಲಯಗಳು ಸುಮ್ಮನೆ ಕೂತಿರಲಿಲ್ಲ. 1994ರಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ರೋಜಾ ಮತ್ತು ಹೆಬಳೆ ಈ ಮರದ ಕ್ಯಾಲಸಿನಲ್ಲಿ ಕ್ಯಾಂಪ್ಟೊಥೆಸಿನ್ ಕಂಡರು. 2001ರಲ್ಲಿ ಅಲ್ಲಿಯವರೇ ಆದ ಫುಲಝೆಲೆ ಮತ್ತು ಸಂಗಡಿಗರು ದ್ರವದಲ್ಲಿ ತೇಲುವ ಕೋಶಗಳನ್ನು ಬೆಳೆಸಿದರು. ವಾರಂಗಲ್ಲಿನ ಚಿದ್ದಿ ವೀರೇಶಂ, ಯೂ ಕೋಶಗಳ ಮೇಲೆ ಕೆಲಸ ಮಾಡಿದ್ದ ಕಾರ್ನೆಲ್ಲಿನ ಮೈಕಲ್ ಶೂಲರ್ ಜೊತೆ 2000ದಲ್ಲಿ ಇದೇ ಕ್ಯಾಲಸ್ ಬಗ್ಗೆ ಬರೆದರು. ಇಥಾಕದ ಅನುಭವವೇ ನಮ್ಮ ಮರದ ಬಳಿ ಬಂದಿತ್ತು. ಆದರೂ ತೊಟ್ಟಿ ಬರಲಿಲ್ಲ.

ಯಾಕೆ ಬರಲಿಲ್ಲವೆಂದು ತಿಳಿಯಲು, ಸಾರದಲ್ಲಿನ ವಸ್ತುಗಳನ್ನು ಬೇರ್ಪಡಿಸಿ ತೋರಿಸುವ ಒಂದು ಟಿಎಲ್‌ಸಿ ತಟ್ಟೆ ನೋಡಿದರೆ ಸಾಕು. ಕ್ಯಾಂಪ್ಟೊಥೆಸಿನ್ ಯುವಿ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ಒಂದೇ ತಟ್ಟೆಯ ಮೇಲೆ ಎಡಗಡೆ ಕಟ್ಟಿಗೆಯ ಸಾರದ ಚುಕ್ಕೆ, ಬಲಗಡೆ ಕ್ಯಾಲಸಿನ ಸಾರದ ಚುಕ್ಕೆ ಇಟ್ಟು, ಕೋಣೆ ಕತ್ತಲು ಮಾಡಿ ದೀಪ ಹಚ್ಚುತ್ತೇನೆ. ಎಡಗಡೆಯದು ಕಣ್ಣು ಕುಕ್ಕುತ್ತದೆ. ಬಲಗಡೆಯದನ್ನು ಬಗ್ಗಿ ಹುಡುಕಬೇಕು. ನಮ್ಮ ಮರದ ಒಣ ಕಟ್ಟಿಗೆಯಲ್ಲಿ ಶೇಕಡಾ 0.3ರ ತನಕ ಔಷಧವಿರುತ್ತದೆ. ಯೂ ತೊಗಟೆಯಲ್ಲಿ 0.01ರ ಆಸುಪಾಸು. ಯೂ ಜಿಪುಣ, ಹಾಗಾಗಿ ತೊಟ್ಟಿಗೆ ಹಣ ಹಾಕಿದವರಿಗೆ ಲಾಭ ಬಂತು. ನಮ್ಮದು ಕೊಡುಗೈ, ಹಾಗಾಗಿ ಕಡಿಯುವುದೇ ಅಗ್ಗ. ಯೂ ಮರವನ್ನು ಉಳಿಸಿದ್ದು ವಿಜ್ಞಾನದ ಜಾಣತನ ಎಂದು ಪಠ್ಯಪುಸ್ತಕ ಹೇಳುತ್ತದೆ. ಜಾಣತನ ಎರಡೂ ಕಡೆ ಇತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಮರ ಮುಗಿಯುತ್ತದೆಂಬ ಭಯ ಸಂಸತ್ತಿನವರೆಗೆ ಹೋಯಿತು, ಕಂಪನಿಯ ಲೆಕ್ಕಪುಸ್ತಕಕ್ಕೂ ಬಂತು. ಇಲ್ಲಿ ಕಟ್ಟಿಗೆ ಕೊಟ್ಟ ಹಳ್ಳಿಯವನಿಗೆ ಅದು ಯಾವ ರೋಗಕ್ಕೆ ಹೋಗುತ್ತದೆಂದೂ ತಿಳಿಯಲಿಲ್ಲ, ಕೊಂಡವನಿಗೆ ಮುಂದಿನ ಮರದ ಚಿಂತೆ ಹತ್ತಲಿಲ್ಲ. ಒಂದು ಸಂಸ್ಥೆಗೆ ನಾನು ಕೋಶ ಕೃಷಿಯ ಪ್ರಸ್ತಾವ ಕೊಟ್ಟಾಗ ಬಂದ ಉತ್ತರವೂ ಅದೇ: ಕಟ್ಟಿಗೆ ಕಿಲೋಗೆ ಇಷ್ಟಕ್ಕೆ ಸಿಗುವಾಗ ನಿಮ್ಮ ಬಾಟಲಿ ಯಾಕೆ? ಕಾಡಿನ ಮರಕ್ಕೆ ಮತ್ತೆ ಬೆಳೆಯುವ ಖರ್ಚನ್ನು ಯಾರೂ ಬಿಲ್ಲಿನಲ್ಲಿ ಸೇರಿಸುವುದಿಲ್ಲ. ಅದನ್ನು ಸೇರಿಸಿದ ದಿನ ನನ್ನ ಬಾಟಲಿ ಅಷ್ಟೇನೂ ದುಬಾರಿಯಾಗಿ ಕಾಣುವುದಿಲ್ಲ.

ಬೇರೆ ಬಾಗಿಲುಗಳೂ ತೆರೆದಿವೆ. ಜಪಾನಿನ ಚಿಬಾ ವಿಶ್ವವಿದ್ಯಾಲಯದ ಸೈತೊ ಅವರ ತಂಡ 2001ರಲ್ಲಿ ಒಫಿಯೊರೈಜಾ ಎಂಬ ಚಿಕ್ಕ ಗಿಡದ ಬೇರಿಗೆ ಮಣ್ಣಿನ ಬ್ಯಾಕ್ಟೀರಿಯಾದ ಜೀನು ಸೇರಿಸಿ, ಬಾಟಲಿಯಲ್ಲಿ ಕೂದಲಿನಂತೆ ಬೆಳೆಯುವ ಬೇರುಗಳಿಂದ ಕ್ಯಾಂಪ್ಟೊಥೆಸಿನ್ ಪಡೆಯಿತು. ಆ ಬೇರುಗಳು ಔಷಧವನ್ನು ಸುತ್ತಲಿನ ದ್ರವಕ್ಕೂ ಬಿಡುತ್ತವೆ, ಕೊಯ್ಯದೆಯೇ ಬಸಿದುಕೊಳ್ಳಬಹುದು. ಅದೇ ಕುಲದ ಗಿಡಗಳು ನಮ್ಮ ಘಟ್ಟದಲ್ಲೂ ಇವೆ. ಜಮ್ಮುವಿನ ವಿಜ್ಞಾನಿಗಳು 2005ರಲ್ಲಿ ನಮ್ಮ ಮರದೊಳಗೇ ವಾಸಿಸುವ ಶಿಲೀಂಧ್ರವೊಂದು ಈ ವಸ್ತುವನ್ನು ತಯಾರಿಸುತ್ತದೆಂದು ತೋರಿಸಿದರು. ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಅಂಥ ಶಿಲೀಂಧ್ರಗಳನ್ನು ಮರದಿಂದ ಹೊರಗೆ ಸಾಕುತ್ತಾ ಹೋದಂತೆ ಇಳುವರಿ ಕುಸಿಯುವುದನ್ನು ಕಂಡರು. ಅಲ್ಲಿಯೂ ಮರವನ್ನು ಬಿಟ್ಟರೆ ಆಟ ನಿಲ್ಲುತ್ತದೆ.

ಅದೇ ಬೆಂಗಳೂರಿನ ಉಮಾಶಂಕರ್, ಗಣೇಶಯ್ಯ ಅವರ ಬಳಗ ಮತ್ತು ಶಿರಸಿಯ ಅರಣ್ಯ ಕಾಲೇಜಿನ ವಾಸುದೇವ ಅವರು ಈ ಮರದ ಹಿಂದೆ ಕಾಡು ತಿರುಗಿದವರು. ಯಾವ ಮರ ಗಂಡು, ಯಾವುದು ಹೆಣ್ಣು, ಯಾವುದು ಎರಡೂ ಎಂಬುದನ್ನು 2002ರಲ್ಲಿ ವರದಿ ಮಾಡಿದರು. ಕಣ್ಣಿಗೆ ಕಂಡದ್ದನ್ನೆಲ್ಲ ಕಡಿದರೆ ಉಳಿದ ಮರಗಳಿಗೆ ಕಾಯಿ ಹಿಡಿಯದೆ ಹೋಗಬಹುದೆಂಬುದು ಆ ಮಾಹಿತಿಯಿಂದಲೇ ತಿಳಿಯುತ್ತದೆ. 2007ರ ವರದಿಯಲ್ಲಿ ಘಟ್ಟದ ಯಾವ ಯಾವ ಜಾಗದ ಮರಗಳಲ್ಲಿ ಔಷಧ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ಗುರುತಿಸಿಟ್ಟರು. ಒಂದು ಮರಕ್ಕೂ ಇನ್ನೊಂದಕ್ಕೂ ಅಜಗಜಾಂತರ. ನಾನು ಈಗ ಕ್ಯಾಲಸ್ ಎಬ್ಬಿಸುವುದು ಅಂಥ ಆರಿಸಿದ ಮರಗಳ ತುಂಡಿನಿಂದ ಮಾತ್ರ. ಕಂದಾಗದ ಚೂರುಗಳು ಶೇಕರಿನ ಮೇಲೆ ತಿರುಗುತ್ತಿವೆ. ಜೊತೆಗೆ ಅದೇ ಮರಗಳ ಬೀಜವನ್ನು ಪಾಲಿಥೀನ್ ಚೀಲಗಳಿಗೆ ಹಾಕಿಸಿದ್ದೇನೆ. ತೊಟ್ಟಿ ಬರುವ ತನಕ ಕಡಿಯುವವರಿಗೆ ಕಾಡಿನ ಬದಲು ತೋಟದ ಮರ ಸಿಗಲಿ, ಬೇರು ಕೀಳದೆ ಬುಡ ಬಿಟ್ಟು ಕಡಿಯಲಿ, ಅದು ಮತ್ತೆ ಚಿಗುರುತ್ತದೆ. ಅಡಿಕೆ ತೋಟದ ಮೇಲಿನ ಬೆಟ್ಟದಲ್ಲಿ ಜಾಗ ಕೊಡಲು ಒಪ್ಪಿದ ನೆಂಟರು ಈ ಸಲ ಬಾಳೆಯ ರೇಟು ಕೇಳಲಿಲ್ಲ. ದುರ್ವಾಸನೆ ಮರದ ಸಸಿಗೆ ಎಷ್ಟು ಅಂತರ ಬಿಡಬೇಕು ಎಂದು ಕೇಳಿದರು.